ಓದಿದರೆ ತಿಳಿಯುತ್ತದೆ, ಮಾತಾಡಲು ಬರುವುದಿಲ್ಲ: ಪದವಿ ವಿದ್ಯಾರ್ಥಿಗಳು ಮಧ್ಯಮ ಹಂತದ ಇಂಗ್ಲಿಷ್ ಕಲಿಯುವ ಬಗೆ

ಗದಗ ಇಲ್ಲವೆ ಹಾವೇರಿ ಜಿಲ್ಲೆಯ ಊರುಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ, ಈಗ ಧಾರವಾಡದ ಸಪ್ತಾಪುರದಲ್ಲಿಯೋ ಹುಬ್ಬಳ್ಳಿಯ ವಿದ್ಯಾನಗರದಲ್ಲಿಯೋ ರೂಮು ಮಾಡಿಕೊಂಡು ಪದವಿ ಓದುತ್ತಿರುವ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಬರುವುದಿಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಅವರಿಗೆ ಪಠ್ಯಪುಸ್ತಕ ಬಹುಮಟ್ಟಿಗೆ ಅರ್ಥವಾಗುತ್ತದೆ, ನೋಟಿಸ್ ಬೋರ್ಡಿನ ಸೂಚನೆ ತಿಳಿಯುತ್ತದೆ, ಪ್ರಾಧ್ಯಾಪಕರು ನಿಧಾನವಾಗಿ ಪಾಠ ಮಾಡಿದರೆ ಟಿಪ್ಪಣಿ ಬರೆದುಕೊಳ್ಳಲು ಬರುತ್ತದೆ. ಕಷ್ಟವಾಗುವುದು ಸೆಮಿನಾರಿನಲ್ಲಿ ಎದ್ದು ನಿಂತಾಗ, ವೈವಾ ಎಂಬ ಮೌಖಿಕ ಪರೀಕ್ಷೆಯಲ್ಲಿ ಮರುಪ್ರಶ್ನೆ ಬಂದಾಗ, ಪ್ರಾಜೆಕ್ಟ್ ವರದಿಯ ಮೊದಲ ಪುಟ ಬರೆಯಲು ಕುಳಿತಾಗ. "ಓದಿದ್ರ ತಿಳೀತದರಿ, ಮಾತಾಡಾಕ ಬರಂಗಿಲ್ರಿ" ಎಂದು ಅವರು ಹೇಳುವ ಮಾತಿನಲ್ಲಿ ತೊಂದರೆ ಎಲ್ಲಿದೆ ಎಂಬುದು ಸ್ಪಷ್ಟವಾಗಿಯೇ ಇದೆ. ಆದರೆ ಹೆಚ್ಚಿನವರು ಅದಕ್ಕೆ ಮಾಡಿಕೊಳ್ಳುವ ಪರಿಹಾರ ಬೇರೆಯೇ ಆಗಿರುತ್ತದೆ: ಪ್ರತಿ ಸೆಮಿಸ್ಟರಿನ ಆರಂಭದಲ್ಲಿ ಹೊಸ ವ್ಯಾಕರಣ ಪುಸ್ತಕ ಕೊಂಡು, ನಾಮಪದ, ಸರ್ವನಾಮ, ಕ್ರಿಯಾಪದ ಎಂದು ಮತ್ತೆ ಮೊದಲ ಪಾಠದಿಂದ ಶುರು ಮಾಡಿ, ಇಂಟರ್ನಲ್ಸ್ ಬರುವ ಹೊತ್ತಿಗೆ ನಾಲ್ಕನೆಯ ಪಾಠದಲ್ಲಿ ಕೈಬಿಡುತ್ತಾರೆ. ಮನೆಗೆ ಗೋಡೆ ಏಳಿಸಬೇಕಾದ ಕಾಲದಲ್ಲಿ ವರ್ಷ ವರ್ಷವೂ ಪಾಯವನ್ನೇ ಅಗೆಯುತ್ತ ಕೂರುವ ಕೆಲಸವಿದು.

ಮಧ್ಯಮ ಹಂತದವರಿಗೆ ಬೇಕಾದದ್ದು ಹೊಸ ಇಂಗ್ಲಿಷ್ ಅಲ್ಲ; ಕಣ್ಣಿಗೆ ಗೊತ್ತಿರುವ ಇಂಗ್ಲಿಷನ್ನು ಬಾಯಿಗೂ ಕೈಗೂ ತರುವ ಅಭ್ಯಾಸ. ಅದಕ್ಕೆ ಅತಿ ಹತ್ತಿರದ ದಾರಿ ನೀವು ಓದುತ್ತಿರುವ ವಿಷಯದ ಮೂಲಕವೇ ಹೋಗುತ್ತದೆ. ಮುಂದೆ ಹೇಳಿರುವುದೆಲ್ಲ ಈ ಒಂದು ಮಾತಿನ ವಿಸ್ತರಣೆ.

ಎಷ್ಟು ಕಾಲ ಬೇಕು, ಎಲ್ಲಿಂದ ಆರಂಭಿಸಬೇಕು

ಐರೋಪ್ಯ ಮಂಡಳಿ 2001ರಲ್ಲಿ ಪ್ರಕಟಿಸಿದ ಭಾಷಾ ಮಟ್ಟಗಳ ಚೌಕಟ್ಟಿನಲ್ಲಿ ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲುಗಳಿವೆ. ಅವುಗಳಲ್ಲಿ ಬಿ1 ಮತ್ತು ಬಿ2 ಎಂಬ ನಡುವಿನ ಎರಡನ್ನು ಮಧ್ಯಮ ಹಂತ ಎನ್ನುತ್ತಾರೆ. ಪರಿಚಿತ ವಿಷಯದ ಬಗ್ಗೆ ಸರಳ ವಾಕ್ಯಗಳಲ್ಲಿ ಮಾತಾಡಿ, ಕಾರಣ ಹೇಳಬಲ್ಲವರು ಬಿ1ರಲ್ಲಿ ಇದ್ದಾರೆ. ತಮ್ಮ ವಿಷಯದ ಚರ್ಚೆಯಲ್ಲಿ ಎದುರಿನವರಿಗೆ ಶ್ರಮ ಕೊಡದೆ ಭಾಗವಹಿಸಬಲ್ಲವರು ಬಿ2ಕ್ಕೆ ತಲುಪಿದ್ದಾರೆ. ಕೇಂಬ್ರಿಜ್ ಪರೀಕ್ಷಾ ಸಂಸ್ಥೆ ಕೊಡುವ ಅಂದಾಜಿನ ಪ್ರಕಾರ ಏನೂ ಗೊತ್ತಿಲ್ಲದ ಸ್ಥಿತಿಯಿಂದ ಬಿ1 ತಲುಪಲು 350ರಿಂದ 400 ಗಂಟೆಗಳ, ಬಿ2 ತಲುಪಲು 500ರಿಂದ 600 ಗಂಟೆಗಳ ಮಾರ್ಗದರ್ಶಿತ ಕಲಿಕೆ ಬೇಕಾಗುತ್ತದೆ. ಅಂದರೆ ಎರಡರ ನಡುವಿನ ಅಂತರ ಸುಮಾರು 200 ಗಂಟೆ. ದಿನಕ್ಕೆ 40 ನಿಮಿಷದಂತೆ ಲೆಕ್ಕ ಹಾಕಿದರೆ 300 ದಿನ, ಹೆಚ್ಚುಕಡಿಮೆ ಎರಡು ಸೆಮಿಸ್ಟರು ಮತ್ತು ಒಂದು ಬೇಸಿಗೆ ರಜೆ. "30 ದಿನಗಳಲ್ಲಿ ಇಂಗ್ಲಿಷ್" ಎಂಬ ಗೋಡೆಬರಹಗಳನ್ನು ನಂಬಿ ಹಣ ಕಟ್ಟುವ ಮೊದಲು ಈ ಲೆಕ್ಕವನ್ನು ಒಮ್ಮೆ ನೆನಪಿಸಿಕೊಳ್ಳುವುದು ಒಳ್ಳೆಯದು.

ನಿಮ್ಮ ಮಟ್ಟ ತಿಳಿಯಲು ದುಡ್ಡಿನ ಪರೀಕ್ಷೆ ಬೇಕಿಲ್ಲ. ನಿಮ್ಮ ಪಠ್ಯಪುಸ್ತಕದ ಇನ್ನೂ ಓದಿರದ ಒಂದು ಪುಟವನ್ನು ತೆಗೆದುಕೊಂಡು, ಅದರಲ್ಲಿ 300 ಪದಗಳಷ್ಟನ್ನು ಗುರುತು ಹಾಕಿ, ಅರ್ಥ ತಿಳಿಯದ ಪದಗಳ ಕೆಳಗೆ ಪೆನ್ಸಿಲ್ ಗೆರೆ ಎಳೆಯಿರಿ. ಗೆರೆಗಳು ಆರಕ್ಕಿಂತ ಕಡಿಮೆ ಇದ್ದರೆ ಆ ಪುಸ್ತಕವನ್ನು ನೀವು ನಿಘಂಟಿನ ಸಹಾಯವಿಲ್ಲದೆ ಓದಬಲ್ಲಿರಿ. ಹದಿನೈದರ ಆಸುಪಾಸು ಇದ್ದರೆ ಓದು ನಿಧಾನವಾದರೂ ಸಾಗುತ್ತದೆ. ಮೂವತ್ತು ದಾಟಿದರೆ ಅದೇ ವಿಷಯದ ಮೇಲೆ ಪಿಯುಸಿ ಮಟ್ಟದ ಇಂಗ್ಲಿಷ್ ಪುಸ್ತಕವನ್ನು ಮೊದಲು ಓದಿ ಬರುವುದು ಲೇಸು, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಓದುವವನಿಗೆ ಪುಟದ 95ರಿಂದ 98ರಷ್ಟು ಪ್ರತಿಶತ ಪದಗಳು ಗೊತ್ತಿದ್ದಾಗ ಮಾತ್ರ ಉಳಿದವುಗಳ ಅರ್ಥವನ್ನು ಸಂದರ್ಭದಿಂದ ಊಹಿಸಲು ಸಾಧ್ಯ ಎಂಬುದು ಪದಸಂಪತ್ತಿನ ಅಧ್ಯಯನಗಳು ಕಂಡುಕೊಂಡ ಸಂಗತಿ, ಮೇಲಿನ ಅಂಕಿಗಳು ಅಲ್ಲಿಂದಲೇ ಬಂದವು.

ಯಾವ ಪದಗಳು, ಹೇಗೆ

ಬಿಎ, ಬಿಕಾಂ, ಬಿಎಸ್ಸಿ ಎಲ್ಲ ತರಗತಿಗಳ ಪುಸ್ತಕಗಳಲ್ಲಿಯೂ ಪದೇ ಪದೇ ಬರುವ, ಆದರೆ ದಿನಬಳಕೆಯ ಮಾತಿನಲ್ಲಿ ಅಷ್ಟಾಗಿ ಬಾರದ ಪದಗಳ ಒಂದು ಗುಂಪು ಇದೆ. ನ್ಯೂಜಿಲೆಂಡಿನ ಸಂಶೋಧಕಿ ಆವೆರಿಲ್ ಕಾಕ್ಸ್‌ಹೆಡ್ 2000ನೇ ಇಸವಿಯಲ್ಲಿ ಇಂಥ 570 ಪದಕುಟುಂಬಗಳನ್ನು (ಒಂದೇ ಮೂಲಪದದಿಂದ ಹುಟ್ಟಿದ ಪದಗಳ ಗುಂಪುಗಳನ್ನು) ಆಯ್ದು ಪಟ್ಟಿ ಮಾಡಿದರು. ವಿಶ್ವವಿದ್ಯಾಲಯ ಮಟ್ಟದ ಬರಹದಲ್ಲಿ ಪ್ರತಿ ಹತ್ತು ಪದಗಳಲ್ಲಿ ಒಂದು ಈ ಪಟ್ಟಿಯದಾಗಿರುತ್ತದೆ. ಅನಲೈಸ್, ಅಸ್ಯೂಮ್, ಕಾನ್ಸೆಪ್ಟ್, ಎಸ್ಟಿಮೇಟ್, ಎವಿಡೆನ್ಸ್, ಫ್ಯಾಕ್ಟರ್, ಸಿಗ್ನಿಫಿಕೆಂಟ್ ಮುಂತಾದವು ಇದರ ಮೊದಲ ಭಾಗದವು. ಪಟ್ಟಿ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ದಿನಕ್ಕೆ ಮೂರು ಪದಕುಟುಂಬದಂತೆ ಕಲಿತರೆ ಏಳು ತಿಂಗಳೊಳಗೆ ಮುಗಿಯುತ್ತದೆ. ಪತ್ರಿಕೆಯ ಸಂಪಾದಕೀಯದಲ್ಲಿ ಎಂದೋ ಒಮ್ಮೆ ಬರುವ ಅಪರೂಪದ ಪದಗಳನ್ನು ನೋಟ್‌ಬುಕ್ಕಿನ ತುಂಬ ಬರೆದಿಡುವುದು ಈ ಹಂತದಲ್ಲಿ ಶ್ರಮದ ದುಂದು.

ಪದವನ್ನು ಬರೆದುಕೊಳ್ಳುವ ರೀತಿ ಪದದ ಆಯ್ಕೆಯಷ್ಟೇ ಮುಖ್ಯ. ಹೆಚ್ಚಿನ ವಿದ್ಯಾರ್ಥಿಗಳು ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ ಅರ್ಥ ಬರೆದು ಮುಗಿಸುತ್ತಾರೆ. "ಎವಿಡೆನ್ಸ್" ಎಂಬುದರ ಮುಂದೆ "ಪುರಾವೆ" ಎಂದು ಬರೆದರೆ ಓದುವಾಗ ಅನುಕೂಲವಾಗುತ್ತದೆಯೇ ಹೊರತು ಬರೆಯುವಾಗ ಆಗುವುದಿಲ್ಲ. ಏಕೆಂದರೆ ಕನ್ನಡದಲ್ಲಿ "ಪುರಾವೆಗಳು" ಎಂದು ಸರಾಗವಾಗಿ ಹೇಳಬಹುದು, ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ "ಎವಿಡೆನ್ಸಸ್" ಎನ್ನುವುದಿಲ್ಲ. ಅದು ನೀರು, ಅಕ್ಕಿಗಳಂತೆ ಎಣಿಕೆಗೆ ಸಿಗದ ಪದ. ಆದ್ದರಿಂದ ಒಂದು ಚೀಟಿಯ ಮೇಲೆ ಆ ಪದದ ಜೊತೆಗಾರರನ್ನು ಸೇರಿಸಿ ಬರೆಯಬೇಕು: "ಸ್ಟ್ರಾಂಗ್ ಎವಿಡೆನ್ಸ್", "ಎವಿಡೆನ್ಸ್ ಫಾರ್ ದ ಥಿಯರಿ", "ದೇರ್ ಈಸ್ ನೋ ಎವಿಡೆನ್ಸ್ ದಟ್". ಅದರ ಕೆಳಗೆ ನಿಮ್ಮದೇ ವಿಷಯದ ಒಂದು ವಾಕ್ಯ. ಇತಿಹಾಸದ ವಿದ್ಯಾರ್ಥಿಯಾದರೆ ಲಕ್ಕುಂಡಿಯ ಶಾಸನಗಳ ಬಗ್ಗೆ, ಅರ್ಥಶಾಸ್ತ್ರದವರಾದರೆ ಬೆಲೆಗಳ ಬಗ್ಗೆ. ಇಂಥ ಮಾಹಿತಿಗೆ ಇಂಗ್ಲಿಷ್-ಕನ್ನಡ ನಿಘಂಟು ಸಾಲುವುದಿಲ್ಲ. ಭಾಷೆ ಕಲಿಯುವವರಿಗೆಂದೇ ತಯಾರಿಸಿದ, ಸುಲಭ ಪದಗಳಲ್ಲಿ ಅರ್ಥ ಕೊಟ್ಟು ಉದಾಹರಣೆ ವಾಕ್ಯಗಳನ್ನು ಸೇರಿಸಿದ ಇಂಗ್ಲಿಷ್-ಇಂಗ್ಲಿಷ್ ನಿಘಂಟು ಬೇಕು. ಆಕ್ಸ್‌ಫರ್ಡ್, ಕೇಂಬ್ರಿಜ್ ಎರಡರ ಕಲಿಕಾ ನಿಘಂಟುಗಳೂ ಮೊಬೈಲಿನಲ್ಲಿಯೇ ಸಿಗುತ್ತವೆ, ಒತ್ತಿದರೆ ಉಚ್ಚಾರಣೆಯೂ ಕೇಳುತ್ತದೆ.

ಚೀಟಿಗಳನ್ನು ಮಾರನೆಯ ದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು, ತಿಂಗಳು ಬಿಟ್ಟು ಮತ್ತೆ ನೋಡಬೇಕು. ಮರೆತವು ಮೊದಲಿಗೆ ಮರಳುತ್ತವೆ, ನೆನಪಿದ್ದವು ಮುಂದೆ ಸಾಗುತ್ತವೆ. ಆಂಕಿ ಎಂಬ ಉಚಿತ ತಂತ್ರಾಂಶ ಈ ಲೆಕ್ಕವನ್ನು ತಾನೇ ಇಡುತ್ತದೆ. ಮೊಬೈಲ್ ತೆರೆದರೆ ರೀಲ್ಸ್ ನೋಡುವ ಅಭ್ಯಾಸವಿದ್ದವರು ಕಾಗದದ ಚೀಟಿಗೇ ಅಂಟಿಕೊಳ್ಳುವುದು ಕ್ಷೇಮ.

ಓದು

ಕರ್ನಾಟಕ ವಿಶ್ವವಿದ್ಯಾಲಯದ ಪ್ರೊ. ಎಸ್.ಎಸ್. ಬಸವನಾಳ ಗ್ರಂಥಾಲಯದಲ್ಲಿ ಅಥವಾ ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ನಿಮ್ಮ ವಿಷಯದ ಒಂದೇ ಅಧ್ಯಾಯವನ್ನು ಇಬ್ಬರು ಮೂವರು ಲೇಖಕರು ಬರೆದಿರುವುದು ಸಿಗುತ್ತದೆ. ಬೇಡಿಕೆ ಮತ್ತು ಪೂರೈಕೆ ಇರಲಿ, ಸಸ್ಯಗಳ ಉಸಿರಾಟ ಇರಲಿ, ಒಂದನ್ನೇ ಮೂರು ಪುಸ್ತಕಗಳಲ್ಲಿ ಓದಿದರೆ ವಿಷಯ ಮೊದಲೇ ತಿಳಿದಿರುವುದರಿಂದ ಎರಡನೆಯ, ಮೂರನೆಯ ಓದಿನಲ್ಲಿ ಗಮನವೆಲ್ಲ ಭಾಷೆಯ ಮೇಲೆ ಉಳಿಯುತ್ತದೆ, ಅದೇ ಪದಗಳು ಬೇರೆ ಬೇರೆ ವಾಕ್ಯಗಳಲ್ಲಿ ಎದುರಾಗುತ್ತವೆ. ಪರೀಕ್ಷೆಗೂ ಇದು ಉಪಯೋಗಕ್ಕೆ ಬರುವುದರಿಂದ ಇಂಗ್ಲಿಷಿಗೆ ಪ್ರತ್ಯೇಕ ಸಮಯ ಎಲ್ಲಿಂದ ತರುವುದು ಎಂಬ ಪ್ರಶ್ನೆಯೂ ಅರ್ಧ ಬಗೆಹರಿಯುತ್ತದೆ.

ಉದ್ದ ವಾಕ್ಯಗಳು ನಮ್ಮವರನ್ನು ಎಡವಿಸುವುದಕ್ಕೆ ಒಂದು ನಿಶ್ಚಿತ ಕಾರಣವಿದೆ. "ರೈತರು ಬ್ಯಾಡಗಿ ಮಾರುಕಟ್ಟೆಗೆ ತರುವ ಮೆಣಸಿನಕಾಯಿಯನ್ನು ಖಾರಕ್ಕಿಂತ ಹೆಚ್ಚಾಗಿ ಬಣ್ಣಕ್ಕಾಗಿ ಬಳಸುತ್ತಾರೆ" ಎಂಬ ನಮ್ಮ ವಾಕ್ಯದಲ್ಲಿ ಮೆಣಸಿನಕಾಯಿಯ ವಿವರಣೆ ಅದರ ಮುಂಚೆಯೇ ಬರುತ್ತದೆ, ಕ್ರಿಯಾಪದ ಕೊನೆಗೆ ಕೂರುತ್ತದೆ. ಇಂಗ್ಲಿಷಿನಲ್ಲಿ "ದ ಚಿಲ್ಲೀಸ್ ದಟ್ ಫಾರ್ಮರ್ಸ್ ಬ್ರಿಂಗ್ ಟು ದ ಬ್ಯಾಡಗಿ ಮಾರ್ಕೆಟ್ ಆರ್ ಯೂಸ್ಡ್ ಮೋರ್ ಫಾರ್ ದೇರ್ ಕಲರ್ ದ್ಯಾನ್ ಫಾರ್ ದೇರ್ ಹೀಟ್" ಎಂದಾಗ ಮೆಣಸಿನಕಾಯಿ ಮೊದಲು ಬಂದು, ವಿವರಣೆ ಅದರ ಬೆನ್ನಿಗೆ ಬಂದು, ಮುಖ್ಯ ಕ್ರಿಯಾಪದ ವಾಕ್ಯದ ನಡುವೆ ಅಡಗಿರುತ್ತದೆ. ಓದುವಾಗ "ಬ್ರಿಂಗ್" ಎಂಬುದನ್ನೇ ಮುಖ್ಯ ಕ್ರಿಯೆ ಎಂದು ಹಿಡಿದವರಿಗೆ "ಆರ್ ಯೂಸ್ಡ್" ಎಲ್ಲಿಂದ ಬಂತು ಎಂದು ತಿಳಿಯದೆ ವಾಕ್ಯ ಕೈತಪ್ಪುತ್ತದೆ. ಇದಕ್ಕೆ ಮದ್ದು ಸರಳ: ಒಂದೂವರೆ ಸಾಲಿಗಿಂತ ಉದ್ದವಾದ ಯಾವ ವಾಕ್ಯದಲ್ಲಿಯೂ "ದಟ್", "ವಿಚ್", "ಹೂ" ಎಂಬ ಪದ ಕಂಡ ಕೂಡಲೇ ಪೆನ್ಸಿಲಿನಿಂದ ಒಂದು ಕಂಸ ತೆರೆದು, ಆ ವಿವರಣೆ ಮುಗಿದಲ್ಲಿ ಕಂಸ ಮುಚ್ಚಿ, ಒಳಗಿನದನ್ನು ಬಿಟ್ಟು ಉಳಿದದ್ದನ್ನು ಮೊದಲು ಓದುವುದು. ದಿನಕ್ಕೆ ಐದು ವಾಕ್ಯಗಳನ್ನು ಹೀಗೆ ಬಿಡಿಸುತ್ತ ಬಂದರೆ ಕೆಲವು ವಾರಗಳಲ್ಲಿ ಪೆನ್ಸಿಲಿನ ಅಗತ್ಯ ಕಡಿಮೆಯಾಗುತ್ತದೆ. ಅಲ್ಲಿಂದ ಮುಂದೆ ಅಂಥ ವಾಕ್ಯಗಳನ್ನು ನೀವೇ ಬರೆಯಲು ತೊಡಗಬೇಕು.

ಕೇಳುವುದು

ಬರೆದದ್ದು ತಿಳಿಯುತ್ತದೆ, ಅದನ್ನೇ ಹೇಳಿದರೆ ತಿಳಿಯುವುದಿಲ್ಲ ಎಂಬ ದೂರಿಗೆ ಕಾರಣ ಮಾತಿನ ವೇಗ ಒಂದೇ ಅಲ್ಲ. ಕನ್ನಡದಲ್ಲಿ ನಾವು ಪ್ರತಿ ಅಕ್ಷರಕ್ಕೂ ಹೆಚ್ಚುಕಡಿಮೆ ಸಮನಾದ ಕಾಲ ಕೊಡುತ್ತೇವೆ. ಇಂಗ್ಲಿಷನ್ನು ಮನೆಮಾತಾಗಿ ಆಡುವವರು ಮುಖ್ಯ ಪದಗಳನ್ನು ಒತ್ತಿ, ನಡುವಿನ "ಆಫ್", "ಟು", "ಹ್ಯಾವ್" ಮುಂತಾದ ಚಿಕ್ಕ ಪದಗಳನ್ನು ನುಂಗಿಬಿಡುತ್ತಾರೆ. "ಶುಡ್ ಹ್ಯಾವ್" ಎಂಬುದು ಕಿವಿಗೆ "ಶುಡವ್" ಎಂದು ಬೀಳುತ್ತದೆ. ಇದಕ್ಕೆ ಕಿವಿ ಪಳಗಲು ಮುದ್ರಿತ ಪಾಠವೂ ಜೊತೆಗೆ ಸಿಗುವ ಐದಾರು ನಿಮಿಷದ ಧ್ವನಿಪಾಠಗಳು ಬೇಕು. ಬಿಬಿಸಿಯ ಮತ್ತು ಬ್ರಿಟಿಷ್ ಕೌನ್ಸಿಲಿನ ಇಂಗ್ಲಿಷ್ ಕಲಿಕಾ ತಾಣಗಳಲ್ಲಿ ಇವು ಉಚಿತವಾಗಿವೆ. ಮೊದಲು ಪಾಠ ನೋಡದೆ ಎರಡು ಸಲ ಕೇಳಿ, ಆಮೇಲೆ ಒಂದು ನಿಮಿಷದ ಭಾಗವನ್ನು ನಿಲ್ಲಿಸಿ ನಿಲ್ಲಿಸಿ ಉಕ್ತಲೇಖನದಂತೆ ಬರೆದುಕೊಂಡು, ಕೊನೆಗೆ ಮುದ್ರಿತ ಪಾಠದೊಂದಿಗೆ ತಾಳೆ ನೋಡಬೇಕು. ಬಿಟ್ಟುಹೋದ ಪದಗಳಲ್ಲಿ ಬಹುಪಾಲು ನಿಮಗೆ ಗೊತ್ತಿರುವ ಚಿಕ್ಕ ಪದಗಳೇ ಆಗಿರುವುದನ್ನು ಕಾಣುತ್ತೀರಿ.

ಹುಬ್ಬಳ್ಳಿ-ಧಾರವಾಡದ ನಡುವೆ ನಿತ್ಯ ಚಿಗರಿ ಬಸ್ಸಿನಲ್ಲಿ ಓಡಾಡುವವರಿಗೆ ಬರೆಯಲು ಸಾಧ್ಯವಿಲ್ಲದಿದ್ದರೂ ಕೇಳಲು ಸಾಧ್ಯ. ಅಲ್ಲಿ ಹೊಸದನ್ನು ಕೇಳುವ ಬದಲು, ಹಿಂದಿನ ದಿನ ಉಕ್ತಲೇಖನ ಮಾಡಿದ್ದನ್ನೇ ಮತ್ತೆ ಮತ್ತೆ ಕೇಳಿರಿ. ವಿಜ್ಞಾನ, ಇಂಜಿನಿಯರಿಂಗ್ ಓದುವವರಿಗೆ ಐಐಟಿ ಮುಂತಾದ ಸಂಸ್ಥೆಗಳು ಅಂತರ್ಜಾಲದಲ್ಲಿ ಕೊಡುವ ಎನ್‌ಪಿಟಿಇಎಲ್ ಪಾಠಗಳಿವೆ, ಇತರರಿಗೆ ಕೇಂದ್ರ ಸರ್ಕಾರದ ಸ್ವಯಂ ಎಂಬ ಅಂತರ್ಜಾಲ ವೇದಿಕೆಯಲ್ಲಿ ಬಹುತೇಕ ಎಲ್ಲ ವಿಷಯಗಳೂ ಇವೆ. ಪಾಠ ಕೇಳಲು ಶುಲ್ಕವಿಲ್ಲ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಇದೆ. ಭಾರತೀಯ ಪ್ರಾಧ್ಯಾಪಕರ ಉಚ್ಚಾರಣೆ ನಮಗೆ ಬೇಗ ಹತ್ತುತ್ತದೆ, ಆದ್ದರಿಂದ ಅಲ್ಲಿಂದ ಆರಂಭಿಸಿ ಆಮೇಲೆ ಹೊರಗಿನವರ ಮಾತಿಗೆ ಹೋಗುವುದು ಸರಿಯಾದ ಕ್ರಮ.

ಮಾತು

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೆ, ಎಲ್ಲರೂ ತಪ್ಪಿಸಿಕೊಳ್ಳುವುದೂ ಇದನ್ನೇ. "ಇಂದಿನಿಂದ ರೂಮಿನಲ್ಲಿ ಇಂಗ್ಲಿಷ್ ಮಾತ್ರ" ಎಂದು ನಾಲ್ವರು ಗೆಳೆಯರು ಪ್ರತಿಜ್ಞೆ ಮಾಡಿದರೆ ಅದು ಖಾನಾವಳಿಗೆ ಹೊರಡುವ ಹೊತ್ತಿಗೆ ಮುರಿದಿರುತ್ತದೆ. ಊಟಕ್ಕೆ ಏನಿದೆ ಎಂಬುದನ್ನು ಒಬ್ಬ ಕನ್ನಡಿಗ ಇನ್ನೊಬ್ಬ ಕನ್ನಡಿಗನಿಗೆ ಇಂಗ್ಲಿಷಿನಲ್ಲಿ ಕೇಳುವುದು ಕೃತಕವಾಗಿ ಕಾಣುತ್ತದೆ, ಕಾಣಲೇಬೇಕು. ಅದರ ಬದಲು ವಾರಕ್ಕೆ ಮೂರು ಸಂಜೆ, ಇಪ್ಪತ್ತು ಇಪ್ಪತ್ತು ನಿಮಿಷ, ನಿಗದಿ ಮಾಡಿದ ವಿಷಯದ ಮೇಲೆ ಮಾತ್ರ ಇಂಗ್ಲಿಷಿನಲ್ಲಿ ಮಾತಾಡುವ ಏರ್ಪಾಟು ಬಾಳಿಕೆ ಬರುತ್ತದೆ.

ಈ ಇಪ್ಪತ್ತು ನಿಮಿಷಕ್ಕೆ ನನ್ನ ಅಭಿಪ್ರಾಯದಲ್ಲಿ 4-3-2 ಎಂಬ ವಿಧಾನಕ್ಕಿಂತ ಉತ್ತಮವಾದದ್ದು ಇಲ್ಲ. ಭಾಷಾ ಬೋಧನೆಯ ವಿದ್ವಾಂಸ ಪಾಲ್ ನೇಶನ್ ಅವರ ಬರಹಗಳಿಂದ ಹೆಚ್ಚು ಪ್ರಚಾರಕ್ಕೆ ಬಂದ ಈ ಕ್ರಮದಲ್ಲಿ ಒಂದೇ ವಿಷಯವನ್ನು ಮೊದಲು ನಾಲ್ಕು ನಿಮಿಷ, ಆಮೇಲೆ ಇನ್ನೊಬ್ಬ ಕೇಳುಗನಿಗೆ ಮೂರು ನಿಮಿಷ, ಮತ್ತೊಬ್ಬನಿಗೆ ಎರಡು ನಿಮಿಷದಲ್ಲಿ ಹೇಳಬೇಕು. ಉದಾಹರಣೆಗೆ ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ ವಿಷಯವನ್ನು ತೆಗೆದುಕೊಳ್ಳಿ. ಅದರ ಉದ್ದ 1,507 ಮೀಟರ್, 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು, ಅದಕ್ಕೆ ಮೊದಲು ಅತಿ ಉದ್ದದ್ದು ಎನಿಸಿದ್ದು ಗೋರಖಪುರದ 1,366 ಮೀಟರಿನದು. ಮೊದಲ ನಾಲ್ಕು ನಿಮಿಷದಲ್ಲಿ ನೀವು ಸಂಖ್ಯೆ ಹೇಳಲು ತಡವರಿಸುತ್ತೀರಿ, "ಉದ್ಘಾಟನೆ"ಗೆ ಪದ ಹುಡುಕುತ್ತೀರಿ, ಒಂದೆರಡು ವಾಕ್ಯಗಳು ಅರ್ಧಕ್ಕೇ ನಿಲ್ಲುತ್ತವೆ. ಮೂರು ನಿಮಿಷದ ಸರದಿಯಲ್ಲಿ ಸಂಖ್ಯೆಗಳು ಸಲೀಸಾಗುತ್ತವೆ, "ಇಟ್ ವಾಸ್ ಓಪನ್ಡ್" ಎಂಬ ಸುಲಭದ ದಾರಿ ಹೊಳೆಯುತ್ತದೆ. ಎರಡು ನಿಮಿಷದ ಸರದಿಯಲ್ಲಿ ಬೇಡದ್ದು ಉದುರಿ, "ಇಟ್ ಈಸ್ ಲಾಂಗರ್ ದ್ಯಾನ್ ದ ಒನ್ ಇನ್ ಗೋರಖ್‌ಪುರ್" ಎಂಬಂಥ ವಾಕ್ಯ ತಾನಾಗಿ ಬಾಯಿಗೆ ಬರುತ್ತದೆ. ಕೇಳುಗರು ಬದಲಾಗುವುದರಿಂದ ಮಾತಾಡುವವನಿಗೆ ಹೇಳಿದ್ದನ್ನೇ ಹೇಳುತ್ತಿದ್ದೇನೆ ಎಂಬ ಬೇಸರ ಬರುವುದಿಲ್ಲ, ಕಾಲ ಕುಗ್ಗುವುದರಿಂದ ಮನಸ್ಸಿನಲ್ಲಿ ಕನ್ನಡದಿಂದ ಭಾಷಾಂತರ ಮಾಡಿಕೊಳ್ಳಲು ಬಿಡುವು ಸಿಗುವುದಿಲ್ಲ. ನಾಲ್ವರಿದ್ದರೆ ಇಬ್ಬರು ಹೇಳುವವರು, ಇಬ್ಬರು ಕೇಳುವವರು ಆಗಿ, ಸುತ್ತು ಮುಗಿದಾಗಲೆಲ್ಲ ಕೇಳುವವರು ಜಾಗ ಬದಲಿಸಬಹುದು. ಮೂರನೆಯ ಸುತ್ತಿನಲ್ಲಿ ಮೊದಲಿನ ಕೇಳುಗನೇ ಮರಳಿ ಬಂದರೂ ಅಡ್ಡಿಯಿಲ್ಲ. ಒಬ್ಬರೇ ಇದ್ದರೆ ಮೊಬೈಲಿನಲ್ಲಿ ಮೂರು ಸಲ ಧ್ವನಿಮುದ್ರಣ ಮಾಡಿ ಮೊದಲನೆಯದನ್ನೂ ಕೊನೆಯದನ್ನೂ ಹೋಲಿಸಿ ನೋಡುವುದೂ ನಡೆಯುತ್ತದೆ.

ವಿಷಯಗಳಿಗೆ ಬರವಿಲ್ಲ. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬಂದಿಳಿಯುವ ಪಟ್ಟೆತಲೆ ಹೆಬ್ಬಾತುಗಳು, ಹತ್ತಿಯ ಬೆಲೆ ಏರಿಳಿಯುವುದು, ನಿಮ್ಮ ಪ್ರಯೋಗಾಲಯದ ಒಂದು ಪ್ರಯೋಗ, ನಿಮ್ಮ ಊರಿನ ಜಾತ್ರೆ ನಡೆಯುವ ಕ್ರಮ. ವಾರದ ಮೂರು ಸಂಜೆಗಳಲ್ಲಿ ಎರಡನ್ನಾದರೂ ಪಠ್ಯದ ವಿಷಯಕ್ಕೇ ಮೀಸಲಿಡಿ, ಸೆಮಿನಾರಿನ ಸಿದ್ಧತೆ ಅದರಲ್ಲೇ ಆಗಿಹೋಗುತ್ತದೆ.

ಉಚ್ಚಾರಣೆಯಲ್ಲಿ ಲಂಡನ್ನಿನವರಂತೆ ಆಗುವ ಹಂಬಲ ಬೇಡ, ಎದುರಿನವರಿಗೆ ತಿಳಿದರೆ ಸಾಕು. ಆದರೆ ತಿಳಿಯದಂತೆ ಮಾಡುವ ಎರಡು ಮೂರು ಸಂಗತಿಗಳನ್ನು ಮಾತ್ರ ತಿದ್ದಿಕೊಳ್ಳಬೇಕು. ಭೂತಕಾಲದ ಪದಗಳ ಕೊನೆಯ "ಇಡಿ" ಅಕ್ಷರಗಳನ್ನು ನಮ್ಮವರು ಎಲ್ಲ ಕಡೆ "ಎಡ್" ಎಂದು ಬಿಡಿಸಿ ಓದುತ್ತಾರೆ: ಆಸ್ಕೆಡ್, ವರ್ಕೆಡ್, ಸ್ಟಾಪೆಡ್. ಮೂಲಪದ ಟ ಅಥವಾ ಡ ಧ್ವನಿಯಿಂದ ಮುಗಿದಾಗ ಮಾತ್ರ ಅದು "ಇಡ್" ಆಗುತ್ತದೆ, ವಾಂಟಿಡ್, ನೀಡಿಡ್ ಎಂಬಂತೆ. ಕ, ಪ, ಸ, ಚ, ಶ, ಫಗಳಂಥ ಧ್ವನಿಗಳ ನಂತರ ಅದು ಬರಿಯ "ಟ್": ಆಸ್ಕ್ಟ್, ವರ್ಕ್ಟ್, ಸ್ಟಾಪ್ಟ್. ಉಳಿದೆಡೆ ಬರಿಯ "ಡ್": ಕಾಲ್ಡ್, ಪ್ಲೇಡ್. ಇನ್ನೊಂದು, ಕನ್ನಡದ ಪದಗಳು ಸ್ವರದಿಂದ ಮುಗಿಯುವ ರೂಢಿಯಿಂದಾಗಿ ಬಸ್ಸು, ಬುಕ್ಕು ಎಂದು ಬಾಲ ಸೇರಿಸುವುದು. ಕನ್ನಡ ಮಾತಿನಲ್ಲಿ ಅದೇ ಸರಿ, ಇಂಗ್ಲಿಷ್ ಆಡುವಾಗ ಬಿಡಬೇಕು. ಮೂರನೆಯದು ಒತ್ತು. "ಡೆವಲಪ್", "ಹೋಟೆಲ್", "ಇವೆಂಟ್" ಎಂಬ ಪದಗಳಲ್ಲಿ ಒತ್ತು ಬೀಳುವುದು ಮೊದಲ ಭಾಗದ ಮೇಲಲ್ಲ, ಎರಡನೆಯದರ ಮೇಲೆ. ಹೊಸ ಪದದ ಚೀಟಿಯಲ್ಲಿ ಒತ್ತು ಬೀಳುವ ಭಾಗದ ಕೆಳಗೆ ಒಂದು ಗೆರೆ ಎಳೆದಿಡುವ ಅಭ್ಯಾಸ ಇದಕ್ಕೆ ಸಾಕಾಗುತ್ತದೆ.

ಇಲ್ಲಿ ಒಂದು ಮಾತು ಸೇರಿಸಬಹುದು. ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಹುಟ್ಟಿ, ಧಾರವಾಡದಲ್ಲಿ ಓದಿ, ಕನ್ನಡದಲ್ಲಿ ಕಾವ್ಯ ಬರೆದ ವಿ.ಕೃ. ಗೋಕಾಕರು ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದರು. ಈ ಭಾಗದ ನಾಲಿಗೆಗೆ ಇಂಗ್ಲಿಷ್ ಹೊರಳದು ಎಂದು ಯಾರಾದರೂ ಹೇಳಿದರೆ ಅದಕ್ಕೆ ಉತ್ತರ ಹಾವೇರಿ ಜಿಲ್ಲೆಯಲ್ಲೇ ಇದೆ.

ಬರೆಯುವುದು ಮತ್ತು ತಿದ್ದುವುದು

ದಿನಕ್ಕೆ ಒಂದು ಪ್ಯಾರಾ, ಎಂಟು ಹತ್ತು ಸಾಲು, ಇದಕ್ಕಿಂತ ಹೆಚ್ಚು ಬೇಡ. ಪಠ್ಯಪುಸ್ತಕದ ಒಂದು ಪ್ಯಾರಾವನ್ನು ಎರಡು ಸಲ ಓದಿ, ಆರು ಮುಖ್ಯ ಪದಗಳನ್ನು ಮಾತ್ರ ಬರೆದುಕೊಂಡು, ಪುಸ್ತಕ ಮುಚ್ಚಿ, ಆ ಆರು ಪದಗಳ ಆಧಾರದಿಂದ ಪ್ಯಾರಾವನ್ನು ನಿಮ್ಮ ವಾಕ್ಯಗಳಲ್ಲಿ ಮರಳಿ ಕಟ್ಟಿರಿ. ನಂತರ ಪುಸ್ತಕ ತೆರೆದು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಎಲ್ಲಿ "ಎ", ಎಲ್ಲಿ "ದ" ಬಿಟ್ಟಿದ್ದೀರಿ, ಎಲ್ಲಿ ಕಾಲ ತಪ್ಪಿದೆ ಎಂಬುದು ಶಿಕ್ಷಕರಿಲ್ಲದೆಯೇ ಕಾಣುತ್ತದೆ. ಸಿದ್ಧ ನೋಟ್ಸಿನ ಝೆರಾಕ್ಸ್ ಪ್ರತಿಗಳನ್ನು ಬಾಯಿಪಾಠ ಮಾಡಿ ಉತ್ತರ ಬರೆಯುವ ರೂಢಿ ನಮ್ಮಲ್ಲಿ ಆಳವಾಗಿ ಬೇರೂರಿದೆ. ಅಂಕಗಳಿಗೆ ಅದು ನೆರವಾಗಬಹುದು, ಆದರೆ ಸ್ವಂತ ವಾಕ್ಯ ಕಟ್ಟುವ ಶಕ್ತಿಯನ್ನು ಅದು ಬೆಳೆಯಗೊಡುವುದಿಲ್ಲ.

ತಿದ್ದುವಾಗ ಎಲ್ಲ ತಪ್ಪುಗಳ ಹಿಂದೆ ಒಮ್ಮೆಗೇ ಹೋಗದೆ ತಿಂಗಳಿಗೆ ಒಂದು ಬಗೆಯ ತಪ್ಪನ್ನು ಹಿಡಿಯಿರಿ. ಕನ್ನಡಿಗರಲ್ಲಿ ಮತ್ತೆ ಮತ್ತೆ ಕಾಣುವ ತಪ್ಪುಗಳು ಬೆರಳೆಣಿಕೆಯವು, ಅವು ಹುಟ್ಟುವುದು ನಮ್ಮ ಭಾಷೆಯ ಸಹಜ ರಚನೆಯಿಂದ. "ನಿನ್ನೆ ಅವರನ್ನು ನೋಡಿದ್ದೇನೆ" ಎಂಬುದು ಕನ್ನಡದಲ್ಲಿ ಒಪ್ಪುವ ವಾಕ್ಯವಾದ್ದರಿಂದ "ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ" ಎಂದು ಬರೆಯುತ್ತೇವೆ. ಇಂಗ್ಲಿಷಿನಲ್ಲಿ ನಿನ್ನೆ, ಕಳೆದ ವರ್ಷ, 2019ರಲ್ಲಿ ಎಂದು ಮುಗಿದ ಕಾಲವನ್ನು ಹೆಸರಿಸಿದ ಮೇಲೆ "ಹ್ಯಾವ್" ನಿಲ್ಲುವುದಿಲ್ಲ, "ಐ ಸಾ ಹಿಮ್ ಯೆಸ್ಟರ್‌ಡೇ" ಎಂದೇ ಆಗಬೇಕು. "ಅವನು ಎಲ್ಲಿದ್ದಾನೆ ಗೊತ್ತಿಲ್ಲ" ಎಂಬಲ್ಲಿ ಒಳಗಿನ ಪ್ರಶ್ನೆ ನಮ್ಮಲ್ಲಿ ರೂಪ ಬದಲಿಸದಿರುವುದರಿಂದ "ಐ ಡೋಂಟ್ ನೋ ವೇರ್ ಈಸ್ ಹಿ" ಎನ್ನುತ್ತೇವೆ. ಸರಿಯಾದದ್ದು "ವೇರ್ ಹಿ ಈಸ್". "ಐ ಆಮ್ ಹ್ಯಾವಿಂಗ್ ಟು ಬ್ರದರ್ಸ್", "ವಿ ಡಿಸ್ಕಸ್ಡ್ ಅಬೌಟ್ ದ ಪ್ರಾಬ್ಲಮ್" ಎಂಬ ಇನ್ನೆರಡು ಎಲ್ಲರಿಗೂ ಪರಿಚಿತ. ಮೊದಲನೆಯದರಲ್ಲಿ "ಐ ಹ್ಯಾವ್" ಸಾಕು, ಎರಡನೆಯದರಲ್ಲಿ "ಅಬೌಟ್" ಬೇಡ. "ಎ", "ದ"ಗಳು ಕನ್ನಡದಲ್ಲಿ ಇಲ್ಲವೇ ಇಲ್ಲದ ಕಾರಣ ಅವುಗಳಿಗೆ ಎಲ್ಲಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ. ನಾಮಪದ ಬರೆಯುವಾಗಲೆಲ್ಲ ಎರಡು ಪ್ರಶ್ನೆ ಕೇಳಿಕೊಳ್ಳಿ: ಯಾವುದರ ಬಗ್ಗೆ ಹೇಳುತ್ತಿದ್ದೇನೆ ಎಂಬುದು ಓದುವವರಿಗೆ ಈಗಾಗಲೇ ಗೊತ್ತಿದೆಯೇ? ಇದ್ದರೆ "ದ". ಗೊತ್ತಿಲ್ಲದ, ಎಣಿಸಬಹುದಾದ ಒಂದೇ ವಸ್ತುವೇ? ಆದರೆ "ಎ" ಅಥವಾ "ಆನ್". ಇವೆರಡೂ ಅಲ್ಲದ ಬಹುವಚನ ಮತ್ತು ಎಣಿಸಲಾಗದ ಪದಗಳು ಬಹುತೇಕ ಬರಿಯಾಗಿಯೇ ನಿಲ್ಲುತ್ತವೆ. ಅಪವಾದಗಳು ಇವೆ, ಆದರೆ ಈ ಎರಡು ಪ್ರಶ್ನೆ ದೊಡ್ಡ ಪಾಲು ತಪ್ಪುಗಳನ್ನು ನಿವಾರಿಸುತ್ತದೆ.

ಕೃತಕ ಬುದ್ಧಿಮತ್ತೆಯ ಸಾಧನಗಳನ್ನು ಬಳಸಬಾರದು ಎಂದು ಹೇಳುವುದು ಈಗ ವ್ಯರ್ಥ. ಹೇಗೆ ಬಳಸಬೇಕು ಎಂಬುದೇ ಪ್ರಶ್ನೆ. ನೀವು ಬರೆದ ಪ್ಯಾರಾವನ್ನು ಕೊಟ್ಟು "ಚೆನ್ನಾಗಿ ಬರೆದುಕೊಡು" ಎಂದರೆ ಅದು ಚೆನ್ನಾಗಿಯೇ ಬರೆದುಕೊಡುತ್ತದೆ, ನಿಮ್ಮ ಇಂಗ್ಲಿಷ್ ಇದ್ದಲ್ಲಿಯೇ ಇರುತ್ತದೆ. "ತಪ್ಪಿರುವ ವಾಕ್ಯಗಳನ್ನು ಗುರುತಿಸು, ತಿದ್ದಬೇಡ" ಎಂದು ಕೇಳಿ, ನೀವೇ ತಿದ್ದಿ, ಮತ್ತೆ ತೋರಿಸಿದರೆ ಅದು ಮೇಷ್ಟರ ಕೆಲಸ ಮಾಡುತ್ತದೆ. ವಿವರಣೆಯಲ್ಲಿ ಅನುಮಾನ ಬಂದರೆ ನಿಘಂಟಿನ ಉದಾಹರಣೆ ವಾಕ್ಯವನ್ನೇ ಕೊನೆಯ ಮಾತೆಂದು ತಿಳಿಯಿರಿ.

ವಿಜ್ಞಾನದ ವರದಿಗಳಲ್ಲಿ "ದ ಸೊಲ್ಯೂಷನ್ ವಾಸ್ ಹೀಟಿಡ್ ಟು 60 ಡಿಗ್ರೀಸ್" ಎಂಬಂಥ ಕರ್ಮಣಿ ವಾಕ್ಯಗಳು ಹೆಚ್ಚು. ಪ್ರಾಜೆಕ್ಟ್ ವರದಿಗೆ ಮೊದಲು ಅಂಥ ಇಪ್ಪತ್ತು ವಾಕ್ಯಗಳನ್ನು ಪ್ರಕಟಿತ ಲೇಖನಗಳಿಂದ ಆಯ್ದು, ಅದೇ ಅಚ್ಚಿನಲ್ಲಿ ನಿಮ್ಮ ಪ್ರಯೋಗದ ಮಾತನ್ನು ಬರೆದು ನೋಡುವುದು ಒಳ್ಳೆಯದು. ಅಚ್ಚನ್ನು ಎರವಲು ಪಡೆಯಬಹುದು, ವಾಕ್ಯವನ್ನು ಹಾಗೆಯೇ ಎತ್ತಿಡಬಾರದು.

ಸೆಮಿಸ್ಟರಿನೊಳಗೆ ಹೊಂದಿಸುವುದು

ಬೆಳಿಗ್ಗೆ ಹತ್ತು ನಿಮಿಷ ಚೀಟಿಗಳು, ಓಡಾಡುವಾಗ ಕೇಳುವುದು, ರಾತ್ರಿ ಓದಿನ ಕೊನೆಗೆ ಒಂದು ಪ್ಯಾರಾ, ವಾರಕ್ಕೆ ಮೂರು ಸಂಜೆ ಮಾತು. ಇಂಟರ್ನಲ್ಸ್ ಮತ್ತು ಪರೀಕ್ಷೆಯ ವಾರಗಳಲ್ಲಿ ಚೀಟಿಗಳನ್ನು ಬಿಟ್ಟು ಉಳಿದದ್ದನ್ನು ನಿಲ್ಲಿಸಿದರೂ ನಷ್ಟವಿಲ್ಲ. ರಜೆಯಲ್ಲಿ ಊರಿಗೆ ಹೋದವರು ಹೊಲದ ಕೆಲಸದ ನಡುವೆ ಕೇಳುವುದನ್ನಾದರೂ ಉಳಿಸಿಕೊಂಡರೆ ಮರಳಿ ಬಂದಾಗ ಹೊಸದಾಗಿ ಶುರು ಮಾಡುವ ಪ್ರಸಂಗ ಬರುವುದಿಲ್ಲ. ಕೋಚಿಂಗ್ ತರಗತಿಗೆ ಸೇರುವುದಾದರೆ ಒಂದು ದಿನ ಕುಳಿತು ನೋಡಿ, ಒಂದು ಗಂಟೆಯಲ್ಲಿ ವಿದ್ಯಾರ್ಥಿಗಳು ಎಷ್ಟು ನಿಮಿಷ ಮಾತಾಡಿದರು ಎಂದು ಗಡಿಯಾರ ಹಿಡಿದು ಎಣಿಸಿ. ಮೇಷ್ಟರೊಬ್ಬರೇ ಮಾತಾಡುವ ತರಗತಿಯಲ್ಲಿ ಮೇಷ್ಟರ ಇಂಗ್ಲಿಷ್ ಮಾತ್ರ ಸುಧಾರಿಸುತ್ತದೆ.

ವೈವಾಕ್ಕೆ ಹೋಗುವವರು ವಿಷಯದ ಜೊತೆಗೆ ಮೂರು ವಾಕ್ಯಗಳನ್ನು ಬಾಯಿಗೆ ತಂದುಕೊಂಡು ಹೋಗಬೇಕು. ಪ್ರಶ್ನೆ ಕೇಳಿಸದಿದ್ದರೆ "ಸಾರಿ ಸರ್, ಕುಡ್ ಯು ಪ್ಲೀಸ್ ರಿಪೀಟ್ ದ ಕ್ವೆಶ್ಚನ್?" ಕೇಳಿಸಿಯೂ ಅರ್ಥ ಸ್ಪಷ್ಟವಾಗದಿದ್ದರೆ "ಡು ಯು ಮೀನ್" ಎಂದು ಆರಂಭಿಸಿ, ತಿಳಿದಷ್ಟನ್ನು ಮರಳಿ ಹೇಳುವುದು. ಉತ್ತರ ಅರ್ಧ ಮಾತ್ರ ಗೊತ್ತಿದ್ದರೆ "ಐ ಆಮ್ ನಾಟ್ ಶೂರ್ ಅಬೌಟ್ ದ ಹೋಲ್ ಆನ್ಸರ್, ಬಟ್ ವಾಟ್ ಐ ನೋ ಈಸ್ ದಿಸ್". ನಮ್ಮಲ್ಲಿ ಹೆಚ್ಚಿನವರು ಪ್ರಶ್ನೆ ತಿಳಿಯದಾಗ ತಲೆ ತಗ್ಗಿಸಿ ಸುಮ್ಮನಾಗುತ್ತಾರೆ. ಆ ಮೌನವನ್ನು ಪರೀಕ್ಷಕರು ವಿಷಯ ಗೊತ್ತಿಲ್ಲವೆಂದೇ ಓದಿಕೊಳ್ಳುತ್ತಾರೆ, ತೊಂದರೆ ಇಂಗ್ಲಿಷಿನಲ್ಲಿತ್ತು ಎಂದು ಊಹಿಸುವುದು ಅವರಿಗೆ ಸಾಧ್ಯವಿಲ್ಲ. ಪ್ರಶ್ನೆಯನ್ನು ಮತ್ತೊಮ್ಮೆ ಹೇಳಿ ಎಂದು ಕೇಳಿಕೊಂಡವರಿಗೆ ಸಾಮಾನ್ಯವಾಗಿ ಎರಡನೆಯ ಸಲ ಅದೇ ಪ್ರಶ್ನೆ ಇನ್ನೂ ಚಿಕ್ಕ ವಾಕ್ಯದಲ್ಲಿ, ಇನ್ನೂ ನಿಧಾನವಾಗಿ ಬರುತ್ತದೆ.